ಕದ್ದರೆ ಮಾತ್ರ ಚಿಗುರುವ ಪ್ಲಮ್

ನಮ್ಮ ಅತ್ತೆ ಕಳ್ಳಿ. ತಪ್ಪು ತಿಳಿಯಬೇಡಿ, ಇದನ್ನು ನಾನು ಪೂರ್ಣ ಗೌರವದಿಂದ ಹೇಳುತ್ತಿದ್ದೇನೆ. ಅವರು ನನ್ನ ಅಪ್ಪನ ಅಕ್ಕ. ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಪರೀಕ್ಷಾ ಕೊಠಡಿಯಲ್ಲಿ ಅವರು ಮಕ್ಕಳಿಗೆ ಎಂದೂ ಬೆನ್ನು ತೋರಿಸಲಿಲ್ಲವಂತೆ. ಬಾಗಿಲ ಬಳಿ ಯಾರಾದರೂ ಕರೆದರೆ ಹಿಮ್ಮುಖವಾಗಿ ನಡೆದೇ ಹೋಗುತ್ತಿದ್ದರಂತೆ! ತಳ್ಳುಗಾಡಿಯವನು ಕೈತಪ್ಪಿ ಒಂದು ನಿಂಬೆಹಣ್ಣು ಹೆಚ್ಚು ಹಾಕಿದರೆ ಎರಡು ಕ್ರಾಸ್ ಹಿಂದಕ್ಕೆ ನಡೆದು ವಾಪಸು ಕೊಟ್ಟು ಬರುವವರು. ಇಂಥವರು ಕಳ್ಳಿಯಾದದ್ದು ಹೇಗೆ? ಒಂದು ಪ್ಲಮ್ ಗಿಡದ ದೆಸೆಯಿಂದ.

ತಿನ್ನುವ ಹಣ್ಣಿನ ಪ್ಲಮ್ ಅಲ್ಲ ಇದು, ಹೂವಿಗೆಂದೇ ಬೆಳೆಸುವ ಜಾತಿ. ಬದನೆಕಾಯಿ ಬಣ್ಣದ ಎಲೆ. ಎಲೆಯೆಲ್ಲ ಉದುರಿ ಬೋಳಾದ ಮೇಲೆ ಬರಿಯ ಕಡ್ಡಿಯಲ್ಲಿ ತೆಳು ಗುಲಾಬಿ ಹೂವು. ಬಸವೇಶ್ವರನಗರದಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಊಟಿಯಿಂದ ತಂದು ಕುಂಡದಲ್ಲಿ ಸಾಕಿದ್ದರು. ನಮ್ಮ ಸೆಕೆಯಲ್ಲಿ ಅದು ವರ್ಷಕ್ಕೆ ಎಂಟೋ ಹತ್ತೋ ಹೂ ಬಿಡುತ್ತಿತ್ತು, ಅದೂ ಮನಸ್ಸಿದ್ದರೆ. ಅರಿಶಿನ ಕುಂಕುಮಕ್ಕೆಂದು ಅವರ ಮನೆಗೆ ಹೋದ ಅತ್ತೆ ಕುಂಕುಮ ಮರೆತು ಬಂದರು. ಬಂದವರೇ, "ನಮ್ಮನೇಲೂ ಅದೊಂದು ಆಗ್ಬೇಕು ಕಣೇ," ಎಂದರು. ಯಾವುದನ್ನೂ ಬೇಕು ಎನ್ನದ ಹೆಂಗಸು! ನಾನಾಗ ಎಂ.ಎಸ್ಸಿ. ಓದುತ್ತಾ ಅತ್ತಿಗುಪ್ಪೆಯ ಅವರ ಮನೆಯಲ್ಲೇ ಇದ್ದೆ. ಹೀಗಾಗಿ ಮುಂದಿನ ಎಲ್ಲ ಅಪರಾಧಗಳಿಗೂ ನಾನೇ ಸಾಕ್ಷಿ.

ಎಂಜಿನಿಯರ್ ಉದಾರಿ. ಹನ್ನೊಂದು ಕಡ್ಡಿ ಕತ್ತರಿಸಿ ಕೊಟ್ಟರು. ಅತ್ತೆ ಒಂದಕ್ಕೆ ಲೋಳೆಸರ ಸವರಿದರು, ಒಂದಕ್ಕೆ ಜೇನು, ಮತ್ತೊಂದಕ್ಕೆ ಚಕ್ಕೆಪುಡಿ. ಒಂದೊಂದನ್ನೂ ಮರಳಿನಲ್ಲಿ ನೆಟ್ಟು, ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟಲಿ ಕವುಚಿ, ಐಸ್‌ಕ್ರೀಂ ಕಡ್ಡಿಯ ಮೇಲೆ ರಿಜಿಸ್ಟರ್ ನಂಬರ್ ಬರೆದು ಪಕ್ಕದಲ್ಲಿ ಚುಚ್ಚಿದರು. ಬೆಳಿಗ್ಗೆ ಸಂಜೆ ಟೆರೇಸಿನಲ್ಲಿ ಕೈಕಟ್ಟಿಕೊಂಡು ಸಾಲುಗಳ ನಡುವೆ ಓಡಾಟ. ಆರು ವಾರದ ಮೇಲೆ ಫಲಿತಾಂಶ ಬಂತು.

"ಎಷ್ಟು ಪಾಸು ಅತ್ತೆ?"

"ಸ್ಕೂಲಿಗೇ ಸೊನ್ನೆ ಕಣೇ!" ಎಂದರು. ಅವರ ಸೇವಾವಧಿಯಲ್ಲಿ ಇಂಥ ಅವಮಾನ ಆಗಿರಲಿಲ್ಲ.

ಕೆಳಗಿನ ಮನೆಗೆ ಬಾಡಿಗೆಗೆ ಬಂದಿದ್ದ ಹುಬ್ಬಳ್ಳಿಯ ಆಂಟಿ ಒಣಗಿದ ಕಡ್ಡಿಗಳನ್ನು ನೋಡಿ ನಕ್ಕರು. "ಕೊಟ್ಟಿದ್ದು ಬರಂಗಿಲ್ರೀ ಟೀಚರ್. ಗಿಡಾ ಕದ್ದು ತರಬೇಕ್ರೀ, ಅಂದ್ರ ಬೇರು ಬಿಡ್ತೈತಿ."

ಈ ಮಾತನ್ನು ನಾವೆಲ್ಲ ಕೇಳಿಯೇ ಇದ್ದೇವೆ. ಆದರೆ ನಿಂಬೆಹಣ್ಣು ವಾಪಸು ಕೊಡುವ ಕೈ ಕದಿಯುವುದು ಹೇಗೆ? ಅತ್ತೆ ಮೂರು ದಿನ ಊಟದಲ್ಲಿ ಉಪ್ಪು ಮರೆತರು. ನಾಲ್ಕನೆಯ ದಿನ ಎಂಜಿನಿಯರಿಗೆ ಫೋನ್ ಮಾಡಿದರು.

"ಸಾರ್, ನಾಳೆ ಹನ್ನೊಂದು ಗಂಟೆಗೆ ನಿಮ್ಮನೇಲಿ ಕಳ್ಳತನ ಮಾಡೋಣ ಅಂತಿದೀನಿ. ನಿಮಗೆ ಅನುಕೂಲ ಆಗುತ್ತಾ?"

"ಹನ್ನೊಂದಕ್ಕೆ ಹಲ್ಲಿನ ಡಾಕ್ಟರ್ ಹತ್ರ ಹೋಗ್ಬೇಕು ಮೇಡಂ. ಹತ್ತೂವರೆಗೆ ಕದೀತೀರಾ? ಕಾಫಿ ಕುಡ್ಕೊಂಡೇ ಹೋಗಿ."

ಹತ್ತು ಇಪ್ಪತ್ತೊಂಬತ್ತಕ್ಕೆ ನಾವು ಗೇಟಿನ ಬಳಿ ಇದ್ದೆವು. ನನ್ನನ್ನು ಕಾವಲಿಗೆ ನಿಲ್ಲಿಸಿದರು. ಯಾರ ಕಾವಲೋ ನನಗೆ ಇವತ್ತಿಗೂ ಗೊತ್ತಿಲ್ಲ! ಎಂಜಿನಿಯರ್ ವರಾಂಡದಲ್ಲಿ ಕುಳಿತು, ಒಪ್ಪಂದದಂತೆ ಪೇಪರನ್ನು ಮುಖದ ಮುಂದೆ ಅಗಲವಾಗಿ ಹಿಡಿದುಕೊಂಡರು. ಅತ್ತೆ ಸೆರಗು ಸಿಕ್ಕಿಸಿ ಕತ್ತರಿ ಎತ್ತಿದರು. ಪೇಪರಿನ ಹಿಂದಿನಿಂದ ಧ್ವನಿ ಬಂತು:

"ಅದಲ್ಲ ಮೇಡಂ, ಅದಿನ್ನೂ ಬಲಿತಿಲ್ಲ. ಅದರ ಪಕ್ಕದ್ದು."

ನಂಬುತ್ತೀರೋ ಬಿಡುತ್ತೀರೋ, ಪಕ್ಕದ್ದು ಬೇರು ಬಿಟ್ಟಿತು! ಓದಿದ್ದು ಸಸ್ಯಶಾಸ್ತ್ರವಾದ್ದರಿಂದ ನಾನು, "ಬಲಿತ ಕಡ್ಡಿ ಅತ್ತೆ, ಅದಕ್ಕೇ ಬಂತು," ಎಂದೆ. "ಬಲಿತಿದ್ದು ಅಂತ ಹೇಳಿದ್ದು ಯಾರು? ಪೇಪರ್ ತಾನೇ? ಸಾರ್ ನೋಡೇ ಇಲ್ಲ. ಕದ್ದಿದ್ದಕ್ಕೇ ಬಂತು!" ಎಂದು ನನ್ನ ಡಿಗ್ರಿಯನ್ನು ಪಕ್ಕಕ್ಕೆ ಸರಿಸಿದರು.

ಇನ್ನು ಚಳಿ. ಅದು ತಾಗದೆ ಈ ಜಾತಿ ಹೂ ಬಿಡುವುದಿಲ್ಲ. ಡಿಸೆಂಬರಿನಲ್ಲಿ ಗಿಡದ ಎಲೆ ಉದುರಿದ್ದೇ ತಡ, ಫ್ರಿಜ್ಜಿನ ಎರಡು ತಟ್ಟೆ ಕಳಚಿ ಕುಂಡವನ್ನು ಒಳಗಿಟ್ಟರು. ನಮ್ಮ ದೋಸೆಹಿಟ್ಟು ಎರಡು ತಿಂಗಳು ಕೆಳಗಿನ ಮನೆಯ ಫ್ರಿಜ್ಜಿನಲ್ಲಿ ಪೇಯಿಂಗ್ ಗೆಸ್ಟ್ ಆಗಿತ್ತು. ನೀರಿಗೆಂದು ಫ್ರಿಜ್ ತೆರೆದ ನನ್ನ ಗೆಳತಿ ಬೆಚ್ಚಿಬಿದ್ದಳು. "ಆಂಟಿ, ಇದ್ಯಾಕೆ ಇಲ್ಲಿದೆ?"

"ಊಟಿಗೆ ಹೋಗಿದೆ ಕಣಮ್ಮ. ಫೆಬ್ರವರಿಗೆ ವಾಪಸು ಬರುತ್ತೆ," ಎಂದರು ಅತ್ತೆ.

ಮೊದಲ ವರ್ಷ ಬರಿಯ ಎಲೆ. ಎರಡನೆಯ ವರ್ಷ ಮೂರು ಹೂ ಬಿಟ್ಟವು. ಮೂರು! ಅತ್ತೆ ಬೀದಿಯವರಿಗೆಲ್ಲ ಕೇಸರಿಬಾತ್ ಹಂಚಿದರು. ಅದಾದ ಮೇಲೆ ಕೇಳಿದವರಿಗೆ, ಕೇಳದವರಿಗೆ ಕಡ್ಡಿ ಕೊಟ್ಟರು: ಅಪ್ಪನಿಗೆ, ಹುಬ್ಬಳ್ಳಿ ಆಂಟಿಗೆ, ಗ್ಯಾಸ್ ಸಿಲಿಂಡರ್ ತರುವ ಅಣ್ಣನಿಗೆ. ಒಂದೂ ಉಳಿಯಲಿಲ್ಲ. "ನಾ ಮೊದಲಽ ಹೇಳಿದ್ನಲ್ರೀ?" ಎಂದರು ಆಂಟಿ, ತಮ್ಮ ಕಡ್ಡಿ ಒಣಗಿದ ಖುಷಿಯಲ್ಲಿ.

ಈ ಜೂನ್‌ನಲ್ಲಿ ನನಗೆ ಕೆಂಗೇರಿಯ ಆಚೆಯ ಕಾಲೇಜೊಂದರಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಹತ್ತಿರದಲ್ಲೇ ಒಂದು ರೂಮಿನ ಮನೆ ಹಿಡಿದೆ. ನಾಲ್ಕು ವರ್ಷದ ಸಾಮಾನು ಎರಡು ಸೂಟ್‌ಕೇಸಿನಲ್ಲಿ ಮುಗಿಯಿತು. ನನಗೆ ಬೇಕಿದ್ದದ್ದು ಇನ್ನೊಂದೇ. ಆದರೆ ಏನನ್ನಾದರೂ ಕೇಳುವುದು ನನಗೆ ಸುಲಭವಲ್ಲ. ಎರಡು ದಿನ ವಾಕ್ಯ ಜೋಡಿಸಿಕೊಂಡು ಹೋಗಿ, "ಅತ್ತೆ, ನನಗೊಂದು ಪ್ಲಮ್ ಕಡ್ಡಿ ಕೊಡ್ತೀರಾ?" ಎಂದೆ.

"ನಿಂಗಾ? ಕೊಡಲ್ಲ," ಎಂದು ಹುರುಳಿಕಾಯಿಯ ನಾರು ತೆಗೆಯುವುದನ್ನು ಮುಂದುವರಿಸಿದರು.

ಗ್ಯಾಸ್ ಅಣ್ಣನಿಗೆ ಕೊಟ್ಟವರು! ಆ ರಾತ್ರಿ ನಾನು ಪಲ್ಯ ಮುಟ್ಟಲಿಲ್ಲ.

ಹೊರಡುವ ದಿನ, ಆಟೋ ಬರಲು ಹತ್ತು ನಿಮಿಷ ಇರುವಾಗ, "ಟೆರೇಸಿಗೆ ಬಾ, ಬಟ್ಟೆ ತೆಗೀಬೇಕು," ಎಂದು ಕರೆದರು. ಹೋದೆ. ಪ್ಲಮ್ ಕುಂಡದ ಪಕ್ಕ ಒಂದು ಸ್ಟೂಲು. ಅದರ ಮೇಲೆ ತೊಳೆದು ಒರೆಸಿದ ಕತ್ತರಿ, ಹಿಂಡಿಟ್ಟ ಒದ್ದೆ ಬಟ್ಟೆ, ಒಂದು ಐಸ್‌ಕ್ರೀಂ ಕಡ್ಡಿ. ಕಡ್ಡಿಯ ಮೇಲೆ ರಿಜಿಸ್ಟರ್ ನಂಬರ್ ಇರಲಿಲ್ಲ. ಮನೆಯವರು ಮಾತ್ರ ಕರೆಯುವ ನನ್ನ ಹೆಸರಿತ್ತು.

"ನಾನು ಈ ಕಡೆ ಬಟ್ಟೆ ಮಡಚ್ತಾ ಇರ್ತೀನಿ," ಎಂದು ಗಟ್ಟಿಯಾಗಿ ಸಾರಿ ಅತ್ತೆ ಆಚೆ ತಿರುಗಿದರು. ಮೂವತ್ತನಾಲ್ಕು ವರ್ಷ ಯಾರಿಗೂ ತೋರಿಸದ ಬೆನ್ನು. ತಂತಿಯ ಮೇಲಿದ್ದದ್ದು ಒಂದೇ ಒಂದು ಟವೆಲ್. ಅದನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ನಾನು ಕತ್ತರಿ ಎತ್ತಿಕೊಂಡೆ. ಕಣ್ಣು ಮಂಜಾಗಿ ಯಾವ ಕಡ್ಡಿ ಬಲಿತದ್ದು, ಯಾವುದು ಎಳೆಯದು ಒಂದೂ ಕಾಣಲಿಲ್ಲ. ಕೈಗೆ ಸಿಕ್ಕಿದ್ದನ್ನು ಹಿಡಿದೆ.

"ಅದಲ್ಲ ಕಣೇ," ಎಂದರು ಅತ್ತೆ, ತಿರುಗದೆಯೇ. "ಅದರ ಪಕ್ಕದ್ದು."