ಹನ್ನೊಂದು ಅಲಗಿನ ಚಾಕು

ಮಡಚುವ ಚಾಕು ಕಿಸೆಯಲ್ಲಿದ್ದವನನ್ನು ಜನ ಸುಮ್ಮನೆ ಬಿಡುವುದಿಲ್ಲ. ತೆಗಿ, ತೋರಿಸು ಅನ್ನುತ್ತಾರೆ. ತೆಗೆದ ಮೇಲೆ ಏನಾದರೊಂದು ಆಗೇ ತೀರುತ್ತದೆ. ೧೯೮೦ರ ಆಸುಪಾಸಿನಲ್ಲಿ ಸೊಲ್ಲಾಪುರಕ್ಕೆ ಹೋದವನು, ಕೈಯಲ್ಲಿದ್ದದ್ದೆಲ್ಲ ಸುರಿದು ಒಂದು ಶಿಕಾರಿ ಚಾಕು ತಂದೆ. ಒಂದೇ ಹಿಡಿಯಲ್ಲಿ ಗರಗಸ, ಕತ್ತರಿ, ದಬ್ಬಣ ಎಲ್ಲ ಸೇರಿ ಹನ್ನೊಂದು ಅಲಗು.

"ಇದನ್ನ ಮಾರಿದ್ರ ನಿನ್ನ ತಿರುಗಾಟಕ್ಕ ನಾ ಅಡ್ಡ ಬರಂಗಿಲ್ಲ. ಮಾರಲಿಲ್ಲಂದ್ರ ನನ್ನ ಹಿಟ್ಟಿನ ಗಿರಣ್ಯಾಗ ಕೂಡಬೇಕು" ಅಂದ ಅಣ್ಣ. ನಾಲ್ಕನೇ ಇಯತ್ತೆಯಲ್ಲೇ ಸಾಲಿಯಲ್ಲಿ ಕೂಡಲಾರದೆ ಓಡಿದವನು ನಾನು. ಗಿರಣಿಯಲ್ಲಿ ಕೂಡುತ್ತೇನೆಯೇ?

೧. ಆಳಂದ

ಸಂತೆಯಲ್ಲಿ ಕಿಣ್ಣಿ ಸುಲ್ತಾನ ಎಂಬ ಊರಿನ ರೈತರೊಬ್ಬರು ಚಾಕು ತಿರುವಿ ಮುರುವಿ ನೋಡಿದರು. "ಹೆಂಗ ತೆಗೀತಾರೋ ಇದನ್ನ?"

"ಅಲಗಿನ ಮ್ಯಾಲ ಸಣ್ಣ ಗೀರು ಐತಲ್ರಿ, ಅದಕ್ಕ ಉಗುರು ಸಿಗಿಸಿ ಎಳೀರಿ."

ಎಳೆದರು, ಜಾರಿತು. ಬೆರಳು ಬದಲಿಸಿದರು. ಹತ್ತೂ ಬೆರಳು ಮುಗಿದವು. ಮಣ್ಣಿನ ಕೆಲಸಕ್ಕೆ ಉಗುರೆಲ್ಲ ಸವೆದು ಹೋಗಿದ್ದವು.

ನನ್ನ ಸವೆಯದ ಉಗುರು ನೋಡಿ, ಚಾಕು ವಾಪಸ್ ಕೊಟ್ಟರು. "ತಮ್ಮಾ, ಇದು ದುಡಿಯೋರ ಚಾಕು ಅಲ್ಲ. ನಿನ್ನಂಥೋರದು."

೨. ಮಣ್ಣೂರ

ಅಫಜಲಪುರ ದಾಟಿ ಮಣ್ಣೂರಿಗೆ ಹೋದೆ. ಅಲ್ಲೊಬ್ಬರು ಶಿಕಾರಿ ಸಾಹೇಬರು. ಕೊಕ್ಕೆಯಂತೆ ಬಾಗಿದ ಅಲಗನ್ನು ತೋರಿಸಿ "ಇದ್ಯಾತಕ್ಕೋ?" ಅಂದರು. ನನಗೇ ಗೊತ್ತಿರಲಿಲ್ಲ.

"ಎತ್ತಿನ ಕಾಲಾನ ಮುಳ್ಳು ತೆಗ್ಯಾಕ್ರಿ."

ಸಾಹೇಬರು ನಕ್ಕು, ಆಗಷ್ಟೇ ಹೊಡೆದು ತಂದ ಮೊಲದ ಹೊಟ್ಟೆಗೆ ಕೊಕ್ಕೆ ಸಿಗಿಸಿ ಎಳೆದರು. ತುದಿ ಮೊಂಡು, ಒಳಗಂಚು ಮಾತ್ರ ಹರಿತ. ಚೀಲದ ಜಿಪ್ಪು ಬಿಚ್ಚಿದಂತೆ ಚರ್ಮ ಬಿಚ್ಚಿತು, ಕರುಳಿಗೆ ತಾಗಲೇ ಇಲ್ಲ. ಆಮೇಲೆ ದೊಡ್ಡ ಅಲಗಿನಿಂದ ಮಾಂಸ ತುಂಡು ಮಾಡಿದರು.

"ತಗೋತೀರೇನ್ರಿ?" ಅಂದೆ ಆಸೆಯಿಂದ.

"ಕೊಯ್ಯೋದು ಮುಗೀತಲ್ಲೋ. ಬೇಯಿಸೋ ಅಲಗೊಂದಿದ್ರ ತೋರಿಸು."

೩. ಜೇವರ್ಗಿ

ಕೊನೆಗೆ ಜೇವರ್ಗಿ. ಕಾಳಿನ ವ್ಯಾಪಾರಿಯೊಬ್ಬರು, ವಯಸ್ಸಾದವರು, ಕೊರಳಲ್ಲಿ ಲಿಂಗದ ಕರಡಿಗೆ. ಚಾಕು ಕೈಗೆ ಬಂದದ್ದೇ ಮಗುವಿನಂತಾದರು. ಒಂದೊಂದೇ ಅಲಗು ತೆಗೆದು ಮಡಚಿ, ಆಮೇಲೆ ಕೇಳಿದರು: "ಇದಕ್ಕ ಮಾಂಸ ಮುಟ್ಟೇತೇನು?"

ಕಣ್ಣೆದುರು ಗಿರಣಿ. ಆದರೆ ಆ ಕರಡಿಗೆ ನೋಡುತ್ತಾ ಸುಳ್ಳು ಹೊರಡಲಿಲ್ಲ. "ಎರಡು ಅಲಗಿಗೆ ಮುಟ್ಟೇತ್ರಿ."

ಅವು ಯಾವವೆಂದು ಕೇಳಿ ಗುರುತಿಟ್ಟುಕೊಂಡರು. "ಆ ಎರಡು ನೀ ಇಟ್ಕೋ. ಉಳಿದ ಒಂಬತ್ತು ಕೊಡು."

"ಬಿಡಿಸಾಕ ಬರಂಗಿಲ್ರಿ."

"ಹಂಗಾದ್ರ ಇರ್ಲಿ. ಅವೆರಡನ್ನ ನಾ ತೆಗ್ಯಂಗೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಅಂದರು, "ತೆಗೀಲಿಲ್ಲಂದ್ರ ಏನಾತ್ರಿ, ಎಲ್ಲಾ ಕೂಡಿ ಒಂದ ಮನ್ಯಾಗ ಮಲಗ್ತಾವಲ್ಲ."

ಹಿರಿಯರು ಚಸ್ಮಾ ಏರಿಸಿ ಹಿಡಿಯ ಸಂದಿಯೊಳಗೆ ಇಣುಕಿದರು. ಆ ಎರಡು ಅಲಗು ಮಾತ್ರ ಒಂದು ಸಂದಿಯಲ್ಲಿದ್ದವು. ಪಕ್ಕದ ಸಂದಿಗೂ ಅದಕ್ಕೂ ನಡುವೆ ಹಿತ್ತಾಳೆಯ ತೆಳು ತಗಡು.

"ನಡುವ ಗ್ವಾಡಿ ಐತಿ ಬೇ" ಅಂದರು, ಚಾಕು ಕಿಸೆಗಿಳಿಸುತ್ತಾ. "ಇವು ಎಂದೋ ಪಾಲು ತಗೊಂಡು ಬ್ಯಾರೆ ಆಗ್ಯಾವು."