ಸಾವ್ಕಾರನ ಬಾಲದ ಕೂದಲು

ಕರಿಯವ್ವ: ಸಾವ್ಕಾರನ್ನ ಮೆರೆಸಿದ್ದು ಸಾಕು. ಇವತ್ತ ಅದರ ಬೀಜಾ ತಗಸೂದ ಖರೇ!

ಯಮನೂರಪ್ಪ: ನಾಲಿಗಿ ಬಿಗಿ ಹಿಡಿ! ಅಂಥಾ ಮೈಕಟ್ಟ ಈ ಸೂಡಿ ಊರಾಗ ಯಾವ ಹಂದಿಗೈತಿ? ತಗಸೂದಿದ್ರ ಆ ಕಡ್ಡೀದ ತಗಸು.

ಹಂದಿ ದೊಡ್ಡಿಯ ಮುಂದೆ ಗಂಡ ಹೆಂಡತಿ ಬೆಳಗಿನಿಂದ ಹೀಗೇ ನಿಂತಿದ್ದಾರೆ. ಒಳಗೆ ಎರಡು ಗಂಡು: ಒಂದು ಉಬ್ಬಿದ ಸಾವ್ಕಾರ, ಇನ್ನೊಂದು ಪಕ್ಕೆಲುಬು ಎಣಿಸಬಹುದಾದ ಕಡ್ಡಿ. ಒಂದು ತಳಿಗೆ ಉಳಿಯಬೇಕು, ಇನ್ನೊಂದು ಬೀಜ ತೆಗೆಯುವ ಗೋಣೆಪ್ಪನ ಚಾಕುವಿಗೆ ಸಿಗಬೇಕು. ಗೋಣೆಪ್ಪ ಕಟ್ಟೆಯ ಮೇಲೆ ಕೂತು ಎರಡನೆಯ ಚಾ ಕುಡಿಯುತ್ತಿದ್ದಾನೆ. ಮಗಳಿಗೆ ಗಂಡು ಗೊತ್ತು ಮಾಡುವಾಗಲೂ ಈ ಮನೆಯಲ್ಲಿ ಇಷ್ಟು ಚರ್ಚೆ ನಡೆದಿರಲಿಲ್ಲ.

ಕರಿಯವ್ವ: ಆ ಮೈ ಅದರದಲ್ಲ, ನೀ ಕದ್ದು ಹಾಕಿದ ಶೇಂಗಾ ಹಿಂಡೀದು. ಪಾಪ, ಕಡ್ಡಿ ಬರೇ ಖಾನಾವಳಿ ಮುಸುರಿ ಕುಡದು ಇಷ್ಟರ ಆಗೈತಿ.

ಅಷ್ಟರಲ್ಲಿ ಪಶುವೈದ್ಯೆ ಅನ್ನಪೂರ್ಣಾ ಸ್ಕೂಟಿ ನಿಲ್ಲಿಸಿದಳು. ತಿಂಗಳ ಹಿಂದೆ ಎರಡೂ ಗಂಡುಗಳ ಬಾಲದ ಕೂದಲನ್ನು ಬೇರು ಸಮೇತ ತರಿಸಿಕೊಂಡು ಜೀನ್ ಪರೀಕ್ಷೆಗೆ ಕಳಿಸಿದವಳು ಇವಳೇ.

ಅನ್ನಪೂರ್ಣಾ: ರಿಪೋರ್ಟ್ ಬಂತ್ರಿ! ಮಾಂಸ ಚಲೋ ಬೆಳಿಯೂ ಜೀನ್ ಗುರುತು ಹುಟ್ಟಿನಿಂದಾನ ಇರತೈತಿ. ಅಪ್ಪನ ಕಡಿಂದ ಬಂದ್ರಷ್ಟ ಅದು ಮರಿಯೊಳಗ ಕೆಲಸಾ ಮಾಡತೈತಿ.

ಕರಿಯವ್ವ: ಹಂದಿಯೊಳಗರ ಅಪ್ಪ ಕೆಲಸಾ ಮಾಡತಾನಲ್ಲ, ಪುಣ್ಯಾ!

ಯಮನೂರಪ್ಪ: ಯಾವದರಾಗ ಐತ್ರಿ ಗುರುತು?

ಅನ್ನಪೂರ್ಣಾ: ಎರಡೂ ಕೂದಲ ಪೊಟ್ಟಣದಾಗ ಐತಿ.

ಯಮನೂರಪ್ಪ: ಕೇಳಿದೇನ? ನನ್ನ ಸಾವ್ಕಾರ! ಗೋಣೆಪ್ಪಾ, ಏಳು, ಕಡ್ಡೀನ ಹಿಡಿ!

ಅನ್ನಪೂರ್ಣಾ: ತಡೀರಿ. ಒಂದ ಸೋಜಿಗ ಐತಿ. ಒಡಹುಟ್ಟಿದ್ರೂ ಇಷ್ಟ ಹೊಂದೂದಿಲ್ಲ. ಎರಡೂ ಪೊಟ್ಟಣದಾಗಿದ್ದದ್ದು ಒಂದೇ ಹಂದಿ ಕೂದಲಾ ಅಂತ ಬರದಾರ.

ಗೋಣೆಪ್ಪನ ಚಾ ಬಾಯಿಯ ಹತ್ತಿರವೇ ನಿಂತಿತು. ಕರಿಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಕರಿಯವ್ವ: ಕೂದಲಾ ಕಿತ್ತಾಂವ ಯಾರು?

ಯಮನೂರಪ್ಪ: ನಾನ.

ಕರಿಯವ್ವ: ಯಾವದರದು?

ಯಮನೂರಪ್ಪ: ಕಡ್ಡೀದು... ಎರಡೂ ಸಲ. ಏನ್ ಮಾಡ್ಲಿ, ಸಾವ್ಕಾರನ ಬಾಲಾ ಹಿಡದ ಕೂಡ್ಲೇ 'ಕುಂಯ್' ಅಂತು. ನನ್ನ ಕಣ್ಣಾಗ ನೀರ ಬಂತು.

ಕರಿಯವ್ವ: ನನಗ ಹೆರಿಗಿ ಬ್ಯಾನಿ ಬಂದಾಗ ಚಾ ಕುಡ್ಯಾಕ ಹೋಗಿದ್ದಿಯಲ್ಲೋ!

ಯಮನೂರಪ್ಪ: ನೀ ಕುಂಯ್ ಅಂದಿದ್ರ ನಿಂದರತಿದ್ದೆ. ನೀ ಬೈಯಾಕತ್ತಿದ್ದಿ.

ಅನ್ನಪೂರ್ಣಾ: ಒಟ್ಟ ಕಡ್ಡಿಯೊಳಗ ಗುರುತು ಇರೂದು ಖರೇ. ಸಾವ್ಕಾರಂದು ದೇವರಿಗೇ ಗೊತ್ತು.

ಗೋಣೆಪ್ಪ: ಹಂಗಾದ್ರ ಸಾವ್ಕಾರನ್ನ ಹಿಡೀರಿ. ಯಮನೂರಪ್ಪಾ, ಹಿಂಗಾಲ ನೀ ಹಿಡಿ.

ಯಮನೂರಪ್ಪ ಹಿಂಗಾಲು ಬಿಟ್ಟು ಸಾವ್ಕಾರನ ಕೊರಳನ್ನೇ ತಬ್ಬಿಕೊಂಡ. ಒಂದು ಕೂದಲು ಉಳಿಸಲು ಹೋಗಿ ಬುಡಕ್ಕೇ ಬಂದಿತ್ತು.

ಯಮನೂರಪ್ಪ: ಡಾಕ್ಟರಕ್ಕಾ, ಇನ್ನೊಮ್ಮೆ ಪರೀಕ್ಷಾ ಮಾಡ್ರಿ!

ಅನ್ನಪೂರ್ಣಾ: ಮತ್ತ ಬೇರು ಸಮೇತ ಕೀಳಬೇಕ್ರಿ. ಭಾಳ ಒದರತೈತಿ.

ಯಮನೂರಪ್ಪ: ಹಂಗಾದ್ರ ಅದರ ಬದ್ಲಿ ನನ್ನವ ಕೀಳ್ರಿ!

ಕರಿಯವ್ವ ಗಂಡನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲನ್ನು ನೋಡಿದಳು.

ಕರಿಯವ್ವ: ಬ್ಯಾಡ ಬಿಡವ್ವಾ. ಇವನ ಪರೀಕ್ಷಾ ಮದವೀಗಿಂತ ಮದ್ಲ ಆಗಬೇಕಿತ್ತು. ಗೋಣೆಪ್ಪಾ, ಹಿಂಗಾಲ ನಾ ಹಿಡೀತೇನಿ. ಡಾಕ್ಟರವ್ವಾ, ನೀ ಇವನ್ನ ಕರಕೊಂಡ ಹೋಗಿ ಒಂದ ಚಾ ಕುಡಸು.