ಗೇರುಬೀಜದ ಹಿಮಕರಡಿ

ನಾಲ್ಕು ಜನರ ಮುಂದೆ ನಿಂತು ಮಾತಾಡಲು ತುಂಬಾ ಓದಿರಬೇಕು ಎನ್ನುವುದನ್ನು ನಾನು ಎಂದೂ ಒಪ್ಪಿದವಳಲ್ಲ. ಮನೆ ನಡೆಸುವ ಹೆಂಗಸು ಬೆಳಗ್ಗೆ ಎದ್ದಲ್ಲಿಂದ ಮಾತಿನಲ್ಲೇ ಬದುಕುವವಳು. ತರಕಾರಿಯವನ ಹತ್ತಿರ ಚೌಕಾಸಿ, ಗ್ಯಾಸಿನವನ ಹತ್ತಿರ ತಕರಾರು, ಗಂಡನಿಗೆ ಒಂದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳುವುದು, ಇವೆಲ್ಲ ಭಾಷಣವಲ್ಲದೆ ಮತ್ತೇನು? ಎದುರಿದ್ದವರು ಉತ್ತರ ಕೊಡದಿದ್ದರೂ ಧೈರ್ಯಗೆಡದೆ ಮುಂದುವರಿಸುವ ಅಭ್ಯಾಸ ನಮಗಿರುವಷ್ಟು ಯಾವ ಪ್ರೊಫೆಸರರಿಗೂ ಇರಲಾರದು. ದೇವರ ದಯೆಯಿಂದ ನನ್ನ ಗಂಟಲು ಗಟ್ಟಿಯಾಗಿದೆ, ಮೊಣಗಂಟು ಇನ್ನೂ ಹೇಳಿದ ಹಾಗೆ ಕೇಳುತ್ತದೆ, ಒಗ್ಗರಣೆ ಸೀಯುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಇಷ್ಟೆಲ್ಲ ಕೊಟ್ಟವನು ಒಂದು ಭಾಷಣ ಕೊಡಲು ಹಿಂದೆಮುಂದೆ ನೋಡುತ್ತಾನೆಯೇ?

ಇನ್ನಂಜೆಯ ನಮ್ಮ ಭಜನಾ ಮಂದಿರದಲ್ಲಿ ಶನಿವಾರ ಹೆಂಗಸರ ಭಜನೆ. ತಿಂಗಳಿಗೊಮ್ಮೆ ಮಂಗಳಾರತಿಯ ಬಳಿಕ ಅರ್ಧ ಗಂಟೆ ‘ತಿಳುವಳಿಕೆಯ ಮಾತು’. ಅದಕ್ಕೆ ಮಣಿಪಾಲದಿಂದ ಯಾರಾದರೂ ದೊಡ್ಡವರನ್ನು ಕರೆಸುವುದು ಅಧ್ಯಕ್ಷೆ ವಾಸಂತಿಯಕ್ಕನ ಪದ್ಧತಿ. ಬಂದವರಿಗೆ ಕುರ್ಚಿ, ಕುಡಿಯಲು ಬೊಂಡದ ನೀರು, ಹಾರ, ನಮಗೆ ಚಾಪೆ. ಅವರು ಬಾಯಿ ತೆರೆದೊಡನೆ ಕಂಬಕ್ಕೆ ಒರಗುವ ಜಾಗಕ್ಕೆ ನಮ್ಮಲ್ಲಿ ಪೈಪೋಟಿ. ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ಮಾತಾಡುವಾಗ ನಾವೆಲ್ಲ ಬಾಯಿ ಬಿಟ್ಟೇ ಕುಳಿತಿದ್ದೆವು, ಆಕಳಿಕೆಯಿಂದ. ಅವರು ಅದನ್ನು ಶ್ರದ್ಧೆ ಎಂದುಕೊಂಡು ಇನ್ನೂ ಹತ್ತು ನಿಮಿಷ ಹೆಚ್ಚು ಮಾತಾಡಿದರು. ಅಂದು ನಾನು, ಇನ್ನು ಮುಂದೆ ನಾವು ನಾವೇ ಮಾತಾಡೋಣ ಎಂದೆ. ವಾಸಂತಿಯಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಆಗ್ಲಿ, ಮೊದಲು ನಿಮ್ಮದೇ ಆಗ್ಲಿ, ನೋಡುವ. ಸರಿಯಾದ್ರೆ ಮುಂದೆಯೂ ನಾವೇ. ಸರಿಯಾಗದಿದ್ರೆ ಮಣಿಪಾಲದವ್ರೇ. ಮತ್ತೆ ನೀವು ಎಂತದೂ ಹೇಳ್ಲಿಕ್ಕಿಲ್ಲ.”

ಹೀಗೆ ಇಡೀ ಮಂದಿರದ ಹೆಂಗಸರ ಬಾಯಿ ನನ್ನೊಬ್ಬಳ ನಾಲಿಗೆಯ ಮೇಲೆ ನಿಂತಿತು.

ವಿಷಯಕ್ಕೆ ನಾನು ಹುಡುಕಾಡಬೇಕಾಗಲಿಲ್ಲ. ಒಂಬತ್ತನೆಯ ತರಗತಿಯ ನನ್ನ ಮಗಳು ಶುಭಾ ಆಗ ಶಾಲೆಗೆಂದು ಒಂದು ಚಾರ್ಟ್ ಬರೆಯುತ್ತಿದ್ದಳು. ಉತ್ತರ ಧ್ರುವದ ಸಮುದ್ರದ ಮೇಲೆ ತೇಲುವ ಹಿಮ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆಯಂತೆ, ನಾವು ಉರಿಸುವ ಎಣ್ಣೆ, ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಬಿಸಿಯಾದದ್ದೇ ಕಾರಣವಂತೆ. ನಾನು ಇಡ್ಲಿಗೆ ಅರೆಯುತ್ತಾ ಎಲ್ಲ ಕೇಳಿಸಿಕೊಂಡೆ. “ಅಮ್ಮ, ತೇಲುವ ಐಸ್ ಬೇರೆ, ನೆಲದ ಮೇಲಿನ ಐಸ್ ಬೇರೆ, ಪೂರ್ತಿ ಕೇಳು” ಎಂದಾಗ ಜೋರಾಗಿ ತಲೆಯಾಡಿಸಿದೆ. ಗ್ರೈಂಡರ್ ತಿರುಗುವಾಗ ನಾನು ತಲೆಯಾಡಿಸುವುದು ಬರೀ ಅಭ್ಯಾಸ, ಕಿವಿಗೂ ಅದಕ್ಕೂ ಸಂಬಂಧವಿಲ್ಲ. ಉಳಿದದ್ದನ್ನು ನನ್ನ ಬುದ್ಧಿಯಿಂದಲೇ ತುಂಬಿಸಿಕೊಂಡೆ: ಹಿಮ ಕರಗಿತು, ಸಮುದ್ರ ಉಕ್ಕಿತು, ಕಾಪು ಕಡಲತೀರದ ದೀಪಸ್ತಂಭ ಸೊಂಟದವರೆಗೆ ಮುಳುಗಿತು. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೇ ತೋರಿಸಿದರೆ ಯಾರು ನಿದ್ದೆ ಮಾಡುತ್ತಾರೆ? ನಮ್ಮ ಮನೆಗೆ ಫ್ರಿಜ್ ಬಂದು ಇನ್ನೂ ವರ್ಷವಾಗಿರಲಿಲ್ಲ. ಅದರಲ್ಲಿ ಕಟ್ಟಿದ ಮಂಜುಗಡ್ಡೆ ತೋರಿಸುವ ಆಸೆಯೂ ಸ್ವಲ್ಪ ಇತ್ತು ಎಂದರೆ ಸುಳ್ಳಲ್ಲ.

ಆ ಶನಿವಾರ ಭಜನೆಗೆ ಮುಂಚೆ, ನೆಂಟರು ಬಂದಾಗ ಪಾಯಸ ಬಡಿಸುವ ಗಾಜಿನ ಪಾತ್ರೆಯನ್ನು ಎಲ್ಲರ ನಡುವೆ ಇಟ್ಟೆ. ಒಳಗೆ ಬಟ್ಟಲಿನಲ್ಲಿ ಕಟ್ಟಿಸಿದ ದೊಡ್ಡ ಮಂಜುಗಡ್ಡೆ, ಅಂಚಿನವರೆಗೆ ನೀರು. ಮಂಜುಗಡ್ಡೆಯ ಮೇಲೆ ಬೆಳ್ಳಗಿನ ಒಂದು ಇಡೀ ಗೇರುಬೀಜ, ಅದು ಹಿಮಕರಡಿ. ಪಾತ್ರೆಯ ಅಡಿಯಲ್ಲಿ, ಉಕ್ಕಿದ ನೀರನ್ನು ಹೀರಲು ಮಡಚಿದ ಬೈರಾಸು.

“ಮಂಗಳಾರತಿಯೊಳಗೆ ಇದು ಉಕ್ಕಿ ಹರಿಯುತ್ತದೆ. ಆಗ ನಮ್ಮ ಕಡಲಿನ ಗತಿ ಎಂತ ಅಂತ ನಿಮಗೇ ಗೊತ್ತಾಗ್ತದೆ” ಎಂದೆ.

ಗಿರಿಜಕ್ಕನ ಮುಖ ಸಣ್ಣದಾಯಿತು. ಭಜನೆಯಲ್ಲೂ ಬರೀ ತುಟಿ ಅಲ್ಲಾಡಿಸುವಷ್ಟು ನಾಚಿಕೆಯವರು ಅವರು. “ಕೆಮ್ಮಣ್ಣು ಊರಿನಲ್ಲಿ ನನ್ನ ತವರುಮನೆಯ ಅಂಗಳಕ್ಕೂ ಹೊಳೆಗೂ ಒಂದು ತೆಂಗಿನಮರದಷ್ಟೇ ದೂರ ಮಾರಾಯ್ತಿ” ಎಂದು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರು. ನನಗೆ ಪಾಪ ಅನ್ನಿಸುವ ಬದಲು ಭಾಷಣ ಆಗಲೇ ನಾಟಿತು ಎಂದು ಖುಷಿಯಾಯಿತು.

ಭಜನೆ ಶುರುವಾಯಿತು. ದೀಪ ಆರದಿರಲೆಂದು ನಮ್ಮಲ್ಲಿ ಭಜನೆ ಮುಗಿಯುವ ತನಕ ಫ್ಯಾನ್ ಹಾಕುವುದಿಲ್ಲ. ಆ ಸೆಕೆಗೆ ನಾವೇ ಕರಗುತ್ತಿದ್ದೆವು, ಇನ್ನು ಮಂಜುಗಡ್ಡೆ ಎಷ್ಟು ಹೊತ್ತು ತಡೆಯುತ್ತದೆ? ನನ್ನ ಒಂದು ಕಣ್ಣು ದೇವರ ಮೇಲೆ, ಇನ್ನೊಂದು ಪಾತ್ರೆಯ ಮೇಲೆ. ತಾಳ ತಪ್ಪಿದ್ದಕ್ಕೆ ಮೃದಂಗದವರು ಎರಡು ಸಲ ಕೆಮ್ಮಿದರು. ಗಡ್ಡೆ ತೆಳುವಾಯಿತು, ಗೇರುಬೀಜ ವಾಲಿತು, ಜಾರಿತು. ಆರತಿ ತಟ್ಟೆ ನನ್ನ ಮುಂದೆ ಬಂದಾಗ, “ದೇವರೇ, ಸ್ವಲ್ಪವಾದರೂ ಉಕ್ಕಿಸು” ಎಂದು ಬೇಡಿಕೊಂಡೆ. ಹಿಮವೆಲ್ಲ ಕರಗಿ ಹೋಗಿತ್ತು. ನೀರು ಇದ್ದಲ್ಲೇ ಇತ್ತು.

ವಾಸಂತಿಯಕ್ಕ ಬಗ್ಗಿ, ತಂತಿಯ ಮೇಲಿನ ಬಟ್ಟೆ ಮುಟ್ಟಿ ನೋಡುವ ಹಾಗೆ ಬೈರಾಸನ್ನು ಮುಟ್ಟಿ ನೋಡಿದರು. “ಪಾತ್ರೆ ಬೆವರಿದ್ದು ಬಿಟ್ರೆ ಚೆನ್ನಾಗಿ ಒಣಗಿ ಉಂಟು” ಎಂದರು.

ಹಿಂದೆ ಕೂತಿದ್ದ ಶುಭಾ ಎದ್ದು ನಿಂತಳು. “ತೇಲುವ ಐಸ್ ಮೊದಲೇ ನೀರಿನಲ್ಲಿ ತನ್ನ ಜಾಗ ಹಿಡ್ಕೊಂಡಿರ್ತದೆ. ಕರಗಿದ್ರೆ ಮಟ್ಟ ಏರುದಿಲ್ಲ. ನೆಲದ ಮೇಲಿನದ್ದು ಕರಗಿ ಬಂದ್ರೆ ಏರ್ತದೆ. ನಾನು ಅಮ್ಮನಿಗೆ ಹೇಳಿದ್ದೆ.”

ಮಕ್ಕಳನ್ನು ಓದಿಸುವುದೇ ಇಂಥ ದಿನಗಳಿಗಾಗಿ. ನಾನು ತಕ್ಷಣ ಅದನ್ನು ಹಿಡಿದುಕೊಂಡೆ. “ಅದೇ. ಉಡುಪಿ ಬಸ್ಸಿನಲ್ಲಿ ಮೊದಲೇ ಕೂತವರು ನಿದ್ದೆ ಹೋದ್ರೆ ಬಸ್ಸು ಇನ್ನೂ ತುಂಬ್ತದಾ? ಕಾಪುವಿನಲ್ಲಿ ಹೊಸಬರು ಹತ್ತಿದ್ರೆ ತುಂಬ್ತದೆ. ಹಾಗೆ.”

“ಹಾಗಾದ್ರೆ ಈ ತೇಲುವ ಹಿಮ ಹೋದ್ರೆ ಯಾರಿಗೂ ಎಂತ ತೊಂದರೆ ಇಲ್ಲ ಅಲ್ವಾ?” ಎಂದು ವಾಸಂತಿಯಕ್ಕ ಎದ್ದೇಬಿಟ್ಟರು. ನನ್ನ ಭಾಷಣವೂ ಅಲ್ಲಿಗೆ ಮುಗಿಯುತ್ತಿತ್ತು. ಆಗ ಗಿರಿಜಕ್ಕ ಪಾತ್ರೆಯೊಳಗೆ ಇಣುಕಿ, “ಕರಡಿ ಎಲ್ಲಿ?” ಎಂದರು.

ಕರಡಿ ತಳದಲ್ಲಿ ಮಲಗಿತ್ತು. ಎಲ್ಲರೂ ಬಗ್ಗಿ ನೋಡಿದರು.

ಮುಂದಿನದ್ದು ನಾನು ಯೋಚಿಸಿ ಇಟ್ಟುಕೊಂಡದ್ದಲ್ಲ, ಶುಭಾಳ ಚಾರ್ಟಿನಲ್ಲಿ ಕಂಡದ್ದೆಲ್ಲ ತಾನಾಗಿ ಬಾಯಿಗೆ ಬಂತು. ಅದರ ಕಾಲಡಿಯ ನೆಲವೇ ಹೋಯಿತು, ನೋಡಿ ಎಂದೆ. ಹಿಮದ ಮೇಲೆ ಕಾದು ನಿಂತು ಅದು ಸೀಲ್ ಎಂಬ ಪ್ರಾಣಿಯನ್ನು ಹಿಡಿಯಬೇಕು. ಹಿಮವಿಲ್ಲದಿದ್ದರೆ ಈಜಿ ಈಜಿ ಸೋತು ಉಪವಾಸ. ಆ ಸೀಲ್ ಮರಿ ಹಾಕುವುದೂ ಹಿಮದ ಮೇಲೆಯೇ. ಹಿಮದ ಅಡಿಗೆ ಅಂಟಿ ಬೆಳೆಯುವ ಪಾಚಿಯನ್ನು ಸಣ್ಣ ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮೀನು, ಮೀನನ್ನು ಸೀಲ್. ಕೆಳಗಿನ ಪಂಕ್ತಿಗೆ ಬಡಿಸದಿದ್ದರೆ ಮೇಲಿನ ಪಂಕ್ತಿಗೂ ಊಟವಿಲ್ಲ. ಮಧ್ಯಾಹ್ನ ದೇವಸ್ಥಾನದಲ್ಲಿ ಬರಿಗಾಲಲ್ಲಿ ಪ್ರದಕ್ಷಿಣೆ ಬರುವಾಗ ನಾವು ಬಿಳಿ ಬಣ್ಣ ಬಳಿದ ಪಟ್ಟಿ ಹುಡುಕಿ ಕಾಲಿಡುವುದಿಲ್ಲವೇ? ಬಿಳಿ ಹಿಮವೂ ಹಾಗೆಯೇ ಬಿಸಿಲನ್ನು ವಾಪಸು ಕಳಿಸುತ್ತದೆ. ಅದು ಹೋದಲ್ಲಿ ಕಪ್ಪು ನೀರು ಬಿಸಿಲು ಕುಡಿದು ಇನ್ನಷ್ಟು ಹಿಮ ಕರಗಿಸುತ್ತದೆ. ಅರ್ಧ ಗಂಟೆ ದಾಟಿತು. ಕಂಬಗಳೆಲ್ಲ ಖಾಲಿ ಇದ್ದವು.

“ಯಾರೂ ಮಲಗ್ಲಿಲ್ಲ, ಅದು ಹೌದು. ಆದ್ರೆ ಮುಂದಿನ ತಿಂಗಳು ಯಾರು?” ಎಂದರು ವಾಸಂತಿಯಕ್ಕ.

ನನ್ನ ನಂತರ ನಿಲ್ಲಲು ಯಾರಿಗೆ ಧೈರ್ಯ ಬಂದೀತು ಎಂದು ಯೋಚಿಸಿ, ನಾನೇ ವಿನಯದಿಂದ ಒಪ್ಪಿಕೊಳ್ಳಲು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಗಿರಿಜಕ್ಕ ಕೈ ಎತ್ತಿದರು.

“ನಾನು ಮಾತಾಡ್ತೇನೆ. ಇಷ್ಟು ದಿನ ತಪ್ಪಿದ್ರೆ ಎಂತ ಮಾಡುದು ಅಂತ ಹೆದರಿಕೆ ಇತ್ತು. ಇವತ್ತು ಇವರದ್ದು ನೋಡಿದೆ ಅಲ್ವಾ, ಹೆದರಿಕೆ ಹೋಯ್ತು.”

“ನನಗೂ ಹಾಗೇ ಆಯ್ತು” ಎಂದು ಇನ್ನೊಬ್ಬರು. ಮತ್ತೊಂದು ಕೈ, ಮತ್ತೆ ಎರಡು. ಮಣಿಪಾಲದ ಮಾತೇ ಏಳಲಿಲ್ಲ. ಹೆಂಗಸರಲ್ಲಿ ಧೈರ್ಯ ತುಂಬಬೇಕೆಂದು ಹೊರಟವಳು ನಾನು, ದೇವರು ಅದನ್ನು ಚೆನ್ನಾಗಿಯೇ ನಡೆಸಿಕೊಟ್ಟ. ಯಾವ ದಾರಿಯಲ್ಲಿ ನಡೆಸಿಕೊಡಬೇಕು ಎಂದು ಮಾತ್ರ ನಾನು ಅವನಿಗೆ ಹೇಳಿರಲಿಲ್ಲ.